ಪರವೂರಿನ ಪಂದ್ಯ

ಕಾಲ್ಚೆಂಡಿನ ಪಂದ್ಯ ನಡೆಯುವುದಕ್ಕೆ ಇಪ್ಪತ್ತೆರಡು ಮಂದಿ ಆಟಗಾರರೂ ಒಬ್ಬ ತೀರ್ಪುಗಾರನೂ ಇದ್ದರೆ ಸಾಕು. ನೋಡುವವರು ಇಲ್ಲದಿದ್ದರೂ ಹೊಡೆದ ಗೋಲು ಗೋಲೇ, ಗೆದ್ದ ಪಂದ್ಯ ಗೆದ್ದಂತೆಯೇ. ಆದರೂ 2020ರ ಜೂನ್ ತಿಂಗಳಲ್ಲಿ ಸಾಂಕ್ರಾಮಿಕ ರೋಗದ ಭೀತಿಯ ನಡುವೆ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಪಂದ್ಯಗಳು ಬರಿದಾದ ಕ್ರೀಡಾಂಗಣಗಳಲ್ಲಿ ಮತ್ತೆ ಆರಂಭವಾದಾಗ, ದೂರದರ್ಶನದವರು ಹಿಂದೆಂದೋ ಮುದ್ರಿಸಿಟ್ಟುಕೊಂಡಿದ್ದ ಜನರ ಕೂಗನ್ನು ಚಿತ್ರದೊಡನೆ ಬೆರೆಸಿ ಬಿತ್ತರಿಸಬೇಕಾಯಿತು. ಚೆಂಡಿನ ಸದ್ದು, ಆಟಗಾರರು ಒಬ್ಬರನ್ನೊಬ್ಬರು ಕರೆಯುವ ಸದ್ದು, ಇಷ್ಟೇ ಉಳಿದಾಗ ಆಟವು ಆಟದಂತೆ ತೋರಲಿಲ್ಲ. ಹಾಗಾದರೆ ಆ ಕೂಗು ಯಾರದು? ಅದನ್ನು ಕೂಗುವುದಕ್ಕಾಗಿ ಅವರು ಎಲ್ಲಿಂದ ಬರುತ್ತಾರೆ, ಎಲ್ಲಿ ಕುಳಿತುಕೊಳ್ಳುತ್ತಾರೆ? ಕೇಳುವುದಕ್ಕೆ ಸಣ್ಣದೆನಿಸುವ ಈ ಪ್ರಶ್ನೆಯ ಹಿಂದೆ ನೂರಾರು ಜನರ ಜೀವದ ಕಥೆಯಿದೆ.

ಇಂಗ್ಲೆಂಡಿನ ಲೀಗ್ ಪದ್ಧತಿಯಲ್ಲಿ ಪ್ರತಿಯೊಂದು ತಂಡವೂ ಉಳಿದ ಪ್ರತಿಯೊಂದು ತಂಡದೊಡನೆ ವರ್ಷಕ್ಕೆ ಎರಡು ಬಾರಿ ಆಡುತ್ತದೆ. ಒಮ್ಮೆ ತನ್ನ ಊರಿನಲ್ಲಿ, ಒಮ್ಮೆ ಎದುರಾಳಿಯ ಊರಿನಲ್ಲಿ. ಮೇಲಿನ ಶ್ರೇಣಿಯಲ್ಲಿ ಇಪ್ಪತ್ತು ತಂಡಗಳಿರುವುದರಿಂದ ಒಂದು ತಂಡಕ್ಕೆ ಒಟ್ಟು 38 ಪಂದ್ಯಗಳು. ಅವುಗಳಲ್ಲಿ 19 ಪರವೂರಿನವು. ತವರಿನ ಪಂದ್ಯವನ್ನು ನೋಡುವುದು ಊರ ತೇರನ್ನು ನೋಡಿದಂತೆ. ಮನೆಯಿಂದ ಹೊರಟರೆ ಆಯಿತು. ಪರವೂರಿನ ಪಂದ್ಯವೆಂದರೆ ಬುತ್ತಿ ಕಟ್ಟಿಕೊಂಡು ದೂರದ ಜಾತ್ರೆಗೆ ಹೋದಂತೆ. ವ್ಯತ್ಯಾಸವೊಂದಿದೆ. ಜಾತ್ರೆಗೆ ಹೋದವನನ್ನು ಆ ಊರಿನವರು ಬಾ ಎಂದು ಕರೆಯುತ್ತಾರೆ. ಪರವೂರಿನ ಪಂದ್ಯಕ್ಕೆ ಹೋದವನಾದರೋ ಸುತ್ತಲೂ ಎದುರಾಳಿಯ ಜನರನ್ನೇ ಇಟ್ಟುಕೊಂಡು, ತನಗೆ ಬಿಟ್ಟುಕೊಟ್ಟ ಒಂದು ಮೂಲೆಯಲ್ಲಿ ನಿಂತು ತನ್ನ ತಂಡದ ಹೆಸರನ್ನು ಕೂಗಬೇಕು.

ಈ ಸಂಪ್ರದಾಯವನ್ನು ಹುಟ್ಟಿಸಿದ್ದು ಎರಡು ಸಂಗತಿಗಳು: ಅರ್ಧ ದಿನದ ಬಿಡುವು ಮತ್ತು ರೈಲು. 1850ರ ಕಾರ್ಖಾನೆ ಕಾಯಿದೆಯು ಬಟ್ಟೆಯ ಗಿರಣಿಗಳಲ್ಲಿ ದುಡಿಯುವ ಹೆಂಗಸರಿಗೂ ಎಳೆಯರಿಗೂ ಶನಿವಾರ ಮಧ್ಯಾಹ್ನ ಎರಡು ಗಂಟೆಯ ಅನಂತರ ಬಿಡುವನ್ನು ಕೊಟ್ಟಿತು. ಕಾಲಕ್ರಮದಲ್ಲಿ ಆ ಬಿಡುವು ಉಳಿದ ಕೆಲಸಗಾರರಿಗೂ ಹಬ್ಬಿತು. ಶನಿವಾರ ಮೂರು ಗಂಟೆಗೆ ಪಂದ್ಯ ಆರಂಭವಾಗುವ ರೂಢಿ ಆ ಗಿರಣಿಯ ಗಂಟೆಯಿಂದ ಬಂದದ್ದು. 1888ರಲ್ಲಿ ಲ್ಯಾಂಕಷೈರ್ ಮತ್ತು ಮಧ್ಯ ಇಂಗ್ಲೆಂಡಿನ ಹನ್ನೆರಡು ತಂಡಗಳು ಸೇರಿ ಫುಟ್‌ಬಾಲ್ ಲೀಗನ್ನು ಕಟ್ಟಿದವು. ರೈಲು ಇಲ್ಲದಿದ್ದರೆ ಅದು ಕಾಗದದ ಮೇಲೆಯೇ ಉಳಿಯುತ್ತಿತ್ತು. ಆಟಗಾರರನ್ನು ಒಯ್ದ ರೈಲು ಅವರ ಹಿಂದೆ ಹೊರಟ ನೇಕಾರರನ್ನೂ ಗಣಿ ಕೆಲಸಗಾರರನ್ನೂ ಒಯ್ದಿತು. ತನ್ನ ಬೀದಿಯನ್ನು ಬಿಟ್ಟು ಹೊರಗೆ ಹೋಗದಿದ್ದ ಎಷ್ಟೋ ದುಡಿಮೆಗಾರರು ತಮ್ಮ ದೇಶದ ಬೇರೆ ಊರುಗಳನ್ನು ಮೊದಲು ಕಂಡದ್ದು ಚೆಂಡಿನ ನೆಪದಿಂದಲೇ ಎಂದರೆ ತಪ್ಪಾಗಲಾರದು.

ಜನರು ಹೀಗೆ ಬರತೊಡಗಿದರು. ಬಂದವರನ್ನು ಎಲ್ಲಿ ನಿಲ್ಲಿಸಬೇಕೆಂದು ಯೋಚಿಸಿದವರು ಕಡಮೆ. 1923ರ ಏಪ್ರಿಲ್ 28ರಂದು ಲಂಡನ್ನಿನ ವೆಂಬ್ಲಿಯಲ್ಲಿ ಹೊಸದಾಗಿ ಕಟ್ಟಿದ ಕ್ರೀಡಾಂಗಣದಲ್ಲಿ ಬೋಲ್ಟನ್ ವಾಂಡರರ್ಸ್ ಮತ್ತು ವೆಸ್ಟ್ ಹ್ಯಾಮ್ ತಂಡಗಳ ನಡುವೆ ಕಪ್ ಪಂದ್ಯದ ಅಂತಿಮ ಸುತ್ತು. ಲೆಕ್ಕದ ಪುಸ್ತಕದಲ್ಲಿ 1,26,047 ಮಂದಿ. ಗೋಡೆ ಹತ್ತಿ ಬಂದವರನ್ನೂ ಸೇರಿಸಿದರೆ ಎರಡು ಲಕ್ಷಕ್ಕೂ ಮೀರಿತ್ತೆಂದು ಅಂದಾಜು. ಜನರು ಆಟದ ಬಯಲನ್ನೇ ತುಂಬಿಬಿಟ್ಟರು. ಜಾರ್ಜ್ ಸ್ಕೋರಿ ಎಂಬ ಕಾನ್‌ಸ್ಟೇಬಲ್ ತನ್ನ ಬಿಲ್ಲಿ ಎಂಬ ಕುದುರೆಯ ಮೇಲೆ ಕುಳಿತು, ಜನರನ್ನು ಸಮಾಧಾನದಿಂದ ಸರಿಸುತ್ತ ಅಂಚಿನ ಗೆರೆಯವರೆಗೆ ಹಿಂದಕ್ಕೆ ತಂದನು. ಮುಕ್ಕಾಲು ಗಂಟೆ ತಡವಾಗಿ ಪಂದ್ಯ ನಡೆದು ಬೋಲ್ಟನ್ ಗೆದ್ದಿತು. ಆ ಬೂದುಬಣ್ಣದ ಕುದುರೆ ಅಂದಿನ ಚಿತ್ರಗಳಲ್ಲಿ ಅಚ್ಚ ಬಿಳುಪಾಗಿ ಕಂಡದ್ದರಿಂದ ಅದು 'ಬಿಳಿ ಕುದುರೆಯ ಪಂದ್ಯ'ವೆಂದು ಹೆಸರಾಯಿತು. ಜನರು ಕುದುರೆಯನ್ನು ನೆನಪಿಟ್ಟುಕೊಂಡರು. ಒಂದು ದೊಡ್ಡ ದುರಂತ ಕೂದಲೆಳೆಯಲ್ಲಿ ತಪ್ಪಿತೆಂಬುದನ್ನು ಬೇಗನೆ ಮರೆತರು.

ಇಂದಿನ ಪಯಣಿಗನ ದಿನ ಹೇಗಿರುತ್ತದೆಂಬುದನ್ನು ಇಲ್ಲಿ ಸ್ವಲ್ಪ ನೋಡೋಣ. ನೈರುತ್ಯದ ತುದಿಯ ಪ್ಲಿಮತ್‌ನಿಂದ ಉತ್ತರದ ಕಾರ್ಲೈಲ್‌ಗೆ ಸುಮಾರು 600 ಕಿ.ಮೀ.; ಬೆಂಗಳೂರಿನಿಂದ ಕಲಬುರಗಿಗೆ ಹೋದಂತೆ. ಶನಿವಾರ ಮೂರು ಗಂಟೆಯ ಪಂದ್ಯಕ್ಕೆ ನಸುಕಿನಲ್ಲಿಯೇ ಬಸ್ಸು ಹೊರಡುತ್ತದೆ. ತಾತ, ಮಗ, ಮೊಮ್ಮಗಳು ಒಂದೇ ಸಾಲಿನಲ್ಲಿ ಕುಳಿತು ಒಂದೇ ಬಣ್ಣದ ಕೊರಳವಸ್ತ್ರವನ್ನು ಸುತ್ತಿಕೊಂಡಿರುತ್ತಾರೆ. ದೂರದರ್ಶನದ ಅನುಕೂಲಕ್ಕಾಗಿ ಪಂದ್ಯವನ್ನು ಸೋಮವಾರ ರಾತ್ರಿಗೆ ಬದಲಾಯಿಸಿದರೆ, ಮೊದಲೇ ಕೊಂಡ ರೈಲಿನ ಟಿಕೆಟ್ಟು ವ್ಯರ್ಥ. ಪಂದ್ಯ ಮುಗಿಯುವ ವೇಳೆಗೆ ಹಿಂದಿರುಗುವ ಕೊನೆಯ ರೈಲೂ ಹೊರಟುಹೋಗಿರುತ್ತದೆ. ಪಂದ್ಯವನ್ನು ಕೊಠಡಿಯಲ್ಲಿ ಕುಳಿತು ನೋಡುವ ಕೋಟ್ಯಂತರ ಜನರಿಗಾಗಿ, ಅದನ್ನು ನೋಡಲು ನಿದ್ದೆಗೆಟ್ಟು ಬರುವ ಮೂರು ಸಾವಿರ ಜನರು ತೊಂದರೆಪಡುತ್ತಾರೆ. ಮೂರು ಸಾವಿರವೆಂದು ಸುಮ್ಮನೆ ಹೇಳಲಿಲ್ಲ. ಅತಿಥಿ ತಂಡದ ಬೆಂಬಲಿಗರಿಗೆ 3,000 ಸ್ಥಳಗಳನ್ನು, ಅಥವಾ ಕ್ರೀಡಾಂಗಣ ಚಿಕ್ಕದಾದರೆ ಅದರ ಹತ್ತನೆಯ ಒಂದು ಭಾಗವನ್ನು ಕೊಡಬೇಕೆಂಬುದು ಪ್ರೀಮಿಯರ್ ಲೀಗಿನ ನಿಯಮ.

ಆ ಹತ್ತನೆಯ ಒಂದು ಭಾಗ ಎಲ್ಲಿರಬೇಕೆಂಬುದು ಹೆಚ್ಚಾಗಿ ತವರಿನವರ ಔದಾರ್ಯಕ್ಕೆ ಬಿಟ್ಟದ್ದು. ಔದಾರ್ಯವೋ ವಿಪರೀತ ಸಣ್ಣದು. ನ್ಯೂಕಾಸಲ್‌ನ ಸೇಂಟ್ ಜೇಮ್ಸ್ ಪಾರ್ಕಿನಲ್ಲಿ ಅತಿಥಿಗಳಿಗೆ ಕೊಡುತ್ತ ಬಂದಿರುವುದು ಉತ್ತರ ದಿಕ್ಕಿನ ಅತ್ಯಂತ ಮೇಲಿನ ಅಂತಸ್ತು. ಹದಿನಾಲ್ಕು ಸುತ್ತು ಮೆಟ್ಟಿಲನ್ನು ಹತ್ತಿ ಏದುಸಿರು ಬಿಡುತ್ತ ಕುಳಿತವನಿಗೆ ಆಟಗಾರರು ಇರುವೆಗಳಂತೆ ಕಾಣುತ್ತಾರೆ; ಆದರೆ ಊರೂ ಅದರಾಚೆಯ ಗುಡ್ಡಗಳೂ ಚೆನ್ನಾಗಿ ಕಾಣುತ್ತವೆಂದು ಹಾಸ್ಯಪ್ರಿಯರು ಹೇಳುವುದುಂಟು. ಲೂಟನ್ ಪಟ್ಟಣದ ಕೆನಿಲ್‌ವರ್ತ್ ರೋಡಿನ ಕಥೆ ಇನ್ನೂ ವಿಚಿತ್ರ. ಅಲ್ಲಿ ಅತಿಥಿಗಳ ದ್ವಾರ ಸಾಲುಮನೆಗಳ ನಡುವೆ ಇದೆ. ಎರಡೂ ಕಡೆ ಸಂಸಾರಗಳು ವಾಸವಾಗಿರುವ ಮನೆಗಳ ನಡುವಣ ತೂಬಿನೊಳಗೆ ನುಸುಳಿ, ಕಬ್ಬಿಣದ ಮೆಟ್ಟಿಲು ಹತ್ತಿ, ಯಾರದೋ ಹಿತ್ತಲನ್ನು ಮೇಲಿನಿಂದ ನೋಡುತ್ತ ಒಳಗೆ ಹೋಗಬೇಕು. 2023ರಲ್ಲಿ ಲೂಟನ್ ತಂಡ ಮೇಲಿನ ಶ್ರೇಣಿಗೆ ಏರಿದಾಗ ಜಗತ್ತಿನ ಶ್ರೀಮಂತ ತಂಡಗಳ ಬೆಂಬಲಿಗರು ಆ ಹಿತ್ತಿಲ ದಾರಿಯಲ್ಲಿಯೇ ಬಂದರು. ಇನ್ನು 1892ರಲ್ಲಿ ತೆರೆದ ಲಿವರ್‌ಪೂಲಿನ ಗುಡಿಸನ್ ಪಾರ್ಕಿನಲ್ಲಿ, ಎವರ್ಟನ್ನಿನ ಪುರುಷರ ತಂಡ 2025ರಲ್ಲಿ ಅದನ್ನು ಬಿಟ್ಟುಹೋಗುವವರೆಗೂ, ಚಾವಣಿಯನ್ನು ಹೊತ್ತ ಕಂಬಗಳು ನೋಟಕ್ಕೆ ಅಡ್ಡವಾಗಿದ್ದವು. ಕಂಬದ ಹಿಂದಿನ ಆಸನದವನು ಗೋಲನ್ನು ಕಣ್ಣಿನಿಂದ ಕಾಣದೆ, ಪಕ್ಕದವರ ಕೂಗಿನಿಂದ ತಿಳಿದುಕೊಳ್ಳಬೇಕಾಗಿತ್ತು.

ಆಸನಗಳನ್ನು ಒಂದರ ಹಿಂದೊಂದು ಹಾಕಿದರೆ ಕ್ರೀಡಾಂಗಣವಾಗುವುದಿಲ್ಲ. ನಿಮ್ಮ ಕಣ್ಣಿನಿಂದ ಮೈದಾನದ ಹತ್ತಿರದ ಅಂಚಿನ ಗೆರೆಗೆ ಒಂದು ದಾರವನ್ನು ಎಳೆದಿದ್ದಾರೆಂದು ಭಾವಿಸಿರಿ. ಆ ದಾರವು ಮುಂದಿನ ಸಾಲಿನವನ ಕಣ್ಣಿನ ಮಟ್ಟಕ್ಕಿಂತ ಸುಮಾರು 90 ಮಿ.ಮೀ. ಮೇಲೆ ಹಾದುಹೋದರೆ ನೋಟ ಚೆನ್ನಾಗಿರುತ್ತದೆ. 60ಕ್ಕೆ ಇಳಿದರೆ ಕತ್ತು ಚಾಚಬೇಕಾಗುತ್ತದೆ. ಹಿಂದಿನ ಸಾಲುಗಳಿಗೂ ಈ ಅಂತರ ದೊರೆಯಬೇಕಾದರೆ ಮೆಟ್ಟಿಲುಗಳು ಹಿಂದೆ ಹಿಂದಕ್ಕೆ ಹೆಚ್ಚು ಹೆಚ್ಚು ಎತ್ತರವಾಗಬೇಕು. ಆದರೆ ಇಳಿಜಾರು 34 ಡಿಗ್ರಿಯನ್ನು ಮೀರಿದರೆ ಜನರಿಗೆ ತಲೆಸುತ್ತು ಬರುವ, ಮುಗ್ಗರಿಸುವ ಭಯವಿರುವುದರಿಂದ ಬ್ರಿಟನ್ನಿನ ಮಾರ್ಗದರ್ಶಿ ನಿಯಮಗಳು ಅಲ್ಲಿಗೆ ಮಿತಿಯನ್ನು ಹಾಕಿವೆ. ಈ ಲೆಕ್ಕವೆಲ್ಲ ಎಲ್ಲರೂ ಕುಳಿತಿದ್ದಾರೆಂಬ ನಂಬಿಕೆಯ ಮೇಲೆ ನಿಂತಿದೆ. ಮುಂದಿನವನೊಬ್ಬ ಎದ್ದು ನಿಂತನೋ, ಅವನ ಹಿಂದಿನವನೂ, ಅವನ ಹಿಂದಿನವನೂ ಏಳಬೇಕು. ಪರವೂರಿನಿಂದ ಬಂದವರು ಸಾಮಾನ್ಯವಾಗಿ ತೊಂಬತ್ತು ನಿಮಿಷವೂ ನಿಂತೇ ಇರುತ್ತಾರೆ. ಮೊಣಕಾಲಿನ ಕೆಳಗೆ ಮುಂದಿನ ಆಸನದ ಬೆನ್ನು ತಾಕುತ್ತಿರುತ್ತದೆ. ಗೋಲು ಬಿದ್ದಾಗ ಕುಣಿದರೆ ಮುಂದಿನ ಸಾಲಿನ ಮೇಲೆ ಬೀಳುವುದು ಸುಲಭ.

ಹಿಂದೆ ಆಸನಗಳೇ ಇರಲಿಲ್ಲ. ಹಣವುಳ್ಳವರಿಗೆ ಚಾವಣಿಯ ಕೆಳಗೆ ಬೆಂಚುಗಳು. ಉಳಿದವರಿಗೆ ಗೋಲಿನ ಹಿಂದೆ ಇಳಿಜಾರಾದ ದಿಬ್ಬ, ಅದರ ಮೇಲೆ ಕಿರಿದಾದ ಮೆಟ್ಟಿಲುಗಳು, ಅಲ್ಲಲ್ಲಿ ಜನರ ಒತ್ತಡವನ್ನು ತಡೆಯುವ ಕಬ್ಬಿಣದ ಅಡ್ಡಗಂಬಿಗಳು. ಮೊದಲು ಈ ದಿಬ್ಬಗಳನ್ನು ಮರದ ಹಲಗೆಗಳಿಂದ ಕಟ್ಟುತ್ತಿದ್ದರು. 1902ರ ಏಪ್ರಿಲ್ 5ರಂದು ಗ್ಲಾಸ್ಗೋ ನಗರದ ಐಬ್ರಾಕ್ಸ್‌ನಲ್ಲಿ ಸ್ಕಾಟ್ಲೆಂಡ್–ಇಂಗ್ಲೆಂಡ್ ಪಂದ್ಯದ ವೇಳೆ ಹಲಗೆಗಳು ಮುರಿದು 25 ಮಂದಿ ಸತ್ತರು. ಅದನ್ನು ಕಟ್ಟಿದ್ದ ಆರ್ಚಿಬಾಲ್ಡ್ ಲೀಚ್ ಎಂಬ ಇಂಜಿನಿಯರು ಅಂದು ಅಲ್ಲಿಯೇ ಇದ್ದು ಎಲ್ಲವನ್ನೂ ನೋಡಿದನು. ಅನಂತರ ಅವನು ಗಟ್ಟಿ ಮಣ್ಣಿನ ದಿಬ್ಬಗಳತ್ತ ತಿರುಗಿದನು. ಬ್ರಿಟನ್ನಿನ ಎಷ್ಟೋ ಹೆಸರಾಂತ ಕ್ರೀಡಾಂಗಣಗಳು ಅವನ ಕೈಯಿಂದ ಮೂಡಿದವು. ಲಿವರ್‌ಪೂಲ್ ತಂಡದ ಆನ್‌ಫೀಲ್ಡಿನಲ್ಲಿ 1906ರಲ್ಲಿ ಎದ್ದ ದಿಬ್ಬಕ್ಕೆ 'ಸ್ಪಿಯಾನ್ ಕಾಪ್' ಎಂದು ಹೆಸರಿಟ್ಟರು. ಅದು ದಕ್ಷಿಣ ಆಫ್ರಿಕದ ಒಂದು ಗುಡ್ಡದ ಹೆಸರು. 1900ರ ಜನವರಿಯಲ್ಲಿ ಬೋಯರ್ ಯುದ್ಧದಲ್ಲಿ ಆ ಗುಡ್ಡದ ಮೇಲೆ ಅಸಂಖ್ಯ ಸೈನಿಕರು ಮಡಿದರು. ಗಾಯಗೊಂಡವರನ್ನು ಡೋಲಿಗಳಲ್ಲಿ ಹೊತ್ತು ತಂದ ಭಾರತೀಯ ಶುಶ್ರೂಷಾ ದಳದಲ್ಲಿ ಮೂವತ್ತು ವರ್ಷದ ಗಾಂಧೀಜಿಯವರಿದ್ದರು. ಚೆಂಡಾಟದ ದಿಬ್ಬವೊಂದಕ್ಕೂ ನಮ್ಮ ರಾಷ್ಟ್ರಪಿತನಿಗೂ ಹೀಗೊಂದು ನಂಟಿದೆ.

ದಿಬ್ಬದ ಮೇಲೆ ನಿಂತು ನೋಡುವುದರಲ್ಲಿ ಒಂದು ಸುಖವಿತ್ತು. ಟಿಕೆಟ್ಟು ಅಗ್ಗ, ಗೆಳೆಯರು ಒಟ್ಟಿಗೆ ನಿಲ್ಲಬಹುದು, ಸಾವಿರಾರು ಕೊರಳು ಒಂದಾಗಿ ಹಾಡಿದಾಗ ಒಂಟಿ ಮನುಷ್ಯನಿಗೆ ತಾನು ಒಂಟಿಯೆಂಬ ಭಾವ ಹೋಗುತ್ತಿತ್ತು. ಆದರೆ ಅಪಾಯವೂ ಅಷ್ಟೇ ಸಮೀಪದಲ್ಲಿತ್ತು. 1946ರಲ್ಲಿ ಬೋಲ್ಟನ್ನಿನ ಬರ್ನ್‌ಡನ್ ಪಾರ್ಕಿನಲ್ಲಿ ನೂಕುನುಗ್ಗಲಿಗೆ 33 ಮಂದಿ ಬಲಿಯಾದರು. ಮೃತರನ್ನು ಮೈದಾನದ ಅಂಚಿನಲ್ಲಿ ಹೊದಿಸಿ ಮಲಗಿಸಿ ಪಂದ್ಯವನ್ನು ಮುಂದುವರಿಸಲಾಯಿತೆಂದು ಓದುವಾಗ ಕೈ ನಡುಗುತ್ತದೆ. 1971ರ ಜನವರಿ 2ರಂದು ಅದೇ ಐಬ್ರಾಕ್ಸ್‌ನಲ್ಲಿ ಜನರು ಹೊರಗೆ ಇಳಿಯುವ ಮೆಟ್ಟಿಲಿನ ಮೇಲೆ ಬಿದ್ದು 66 ಮಂದಿ ತೀರಿಕೊಂಡರು. ಪ್ರತಿ ಸಲವೂ ವಿಚಾರಣೆ, ವರದಿ. 1975ರಲ್ಲಿ ಕ್ರೀಡಾಂಗಣಗಳ ಸುರಕ್ಷತೆಗಾಗಿ ಕಾಯಿದೆ ಬಂದಿತು. 1985ರ ಮೇ 11ರಂದು ಬ್ರಾಡ್‌ಫರ್ಡಿನಲ್ಲಿ ಹಳೆಯ ಮರದ ಕಟ್ಟಡದ ಕೆಳಗೆ ವರ್ಷಾನುಗಟ್ಟಲೆ ಕೂಡಿದ್ದ ಕಸಕ್ಕೆ ಬೆಂಕಿ ತಗುಲಿ, ಕೆಲವೇ ನಿಮಿಷಗಳಲ್ಲಿ 56 ಜನರನ್ನು ನುಂಗಿತು. ಅವರಲ್ಲಿ ಇಬ್ಬರು ಲಿಂಕನ್ ಪಟ್ಟಣದಿಂದ ತಮ್ಮ ತಂಡದ ಹಿಂದೆ ಬಂದ ಅತಿಥಿಗಳು. ಲಿಂಕನ್ ತಂಡದವರು ತಮ್ಮ ಕ್ರೀಡಾಂಗಣದ ಒಂದು ಭಾಗಕ್ಕೆ ಆ ಇಬ್ಬರ ಹೆಸರನ್ನು ಇಟ್ಟಿದ್ದಾರೆ.

ಬೆಂಬಲಿಗರೆಲ್ಲರೂ ಸಾಧುಗಳೆಂದು ಹೇಳಿದರೆ ಅದು ಸತ್ಯವಾಗುವುದಿಲ್ಲ. ಎಪ್ಪತ್ತರ, ಎಂಬತ್ತರ ದಶಕಗಳಲ್ಲಿ ಪರವೂರಿಗೆ ಹೋಗುವುದೆಂದರೆ ಜಗಳಕ್ಕೆ ಹೋಗುವುದೆಂದು ತಿಳಿದ ಪುಂಡರ ಗುಂಪುಗಳಿದ್ದವು. 1985ರ ಮಾರ್ಚಿಯಲ್ಲಿ ಮಿಲ್‌ವಾಲ್ ತಂಡದ ಹಿಂದೆ ಬಂದವರು ಲೂಟನ್ನಿನಲ್ಲಿ ಆಸನಗಳನ್ನೇ ಕಿತ್ತು ಎಸೆದರು. ಬೇಸತ್ತ ಲೂಟನ್ನಿನವರು 1986ರಿಂದ ನಾಲ್ಕು ವರ್ಷ ಅತಿಥಿಗಳಿಗೆ ಬಾಗಿಲನ್ನೇ ಮುಚ್ಚಿಬಿಟ್ಟರು. ಅದೇ 1985ರ ಮೇ 29ರಂದು ಬ್ರಸೆಲ್ಸ್ ನಗರದ ಹೇಸಲ್ ಕ್ರೀಡಾಂಗಣದಲ್ಲಿ ಲಿವರ್‌ಪೂಲಿನ ಕೆಲವರು ಎದುರಾಳಿಗಳ ಮೇಲೆ ನುಗ್ಗಿದಾಗ ಗೋಡೆ ಕುಸಿದು 39 ಮಂದಿ ಸತ್ತರು. ಅವರಲ್ಲಿ ಬಹುಪಾಲು ಇಟಲಿಯವರು. ಇಂತಹವರನ್ನು ತಡೆಯುವುದಕ್ಕೆಂದು ಮೈದಾನಕ್ಕೂ ಜನರಿಗೂ ನಡುವೆ ಎತ್ತರದ ಕಬ್ಬಿಣದ ಬೇಲಿಗಳು ಎದ್ದವು. ದಿಬ್ಬಗಳನ್ನು ದೊಡ್ಡಿಗಳಂತೆ ವಿಂಗಡಿಸಿದರು. ಪುಂಡರು ಕೆಲವರು, ದೊಡ್ಡಿಯೊಳಗೆ ನಿಂತವರು ಎಲ್ಲರೂ. ಅಧಿಕಾರಿಗಳು ಪ್ರೇಕ್ಷಕನನ್ನು ನೋಡುವ ಕಣ್ಣೇ ಬದಲಾಯಿತು. ಮುಂದೆ ನಡೆದುದಕ್ಕೆ ಬೇಲಿಗಿಂತಲೂ ಆ ಕಣ್ಣೇ ಹೆಚ್ಚಿನ ಕಾರಣವೆಂದು ನನ್ನ ಅಭಿಪ್ರಾಯ.

1989ರ ಏಪ್ರಿಲ್ 15, ಶನಿವಾರ. ಶೆಫೀಲ್ಡ್ ನಗರದ ಹಿಲ್ಸ್‌ಬರೋ ಕ್ರೀಡಾಂಗಣದಲ್ಲಿ ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡಗಳ ನಡುವೆ ಕಪ್ ಪಂದ್ಯದ ಉಪಾಂತ್ಯ. ಊರು ಎರಡೂ ತಂಡಗಳದಲ್ಲ. ಅಂದು ಬಂದವರೆಲ್ಲರೂ ಪಯಣಿಗರೇ. ಲಿವರ್‌ಪೂಲಿನವರಿಗೆ ಲೆಪಿಂಗ್ಸ್ ಲೇನ್ ಎಂಬ ಕಿರಿದಾದ ಬೀದಿಯ ಕಡೆಯ ತುದಿಯನ್ನು ಕೊಟ್ಟಿದ್ದರು. ಅಲ್ಲಿ ನಿಂತು ನೋಡುವ ಟಿಕೆಟ್ಟು ಪಡೆದಿದ್ದವರು 10,100 ಮಂದಿ. ಅವರು ಒಳಗೆ ಹೋಗಲು ಇದ್ದ ತಿರುಗುಬಾಗಿಲುಗಳು ಏಳು. ನೀವೇ ಭಾಗಿಸಿ ನೋಡಿರಿ: ಒಂದು ಬಾಗಿಲಿಗೆ 1,440ಕ್ಕೂ ಹೆಚ್ಚು ಜನ. ಗಂಟೆಗೆ 660 ಮಂದಿಯಂತೆ ತಡೆಯಿಲ್ಲದೆ ಬಿಟ್ಟರೂ ಎರಡು ಗಂಟೆಗಿಂತ ಹೆಚ್ಚು ಕಾಲ ಬೇಕು. ಪೆನ್ಸಿಲು ಹಿಡಿದ ಯಾರಾದರೂ ಹಿಂದಿನ ದಿನವೇ ಮಾಡಬಹುದಾಗಿದ್ದ ಲೆಕ್ಕ ಇದು.

ಎರಡೂವರೆಯ ವೇಳೆಗೆ ಹೊರಗೆ ಸಾವಿರಾರು ಜನರು ಕಿಕ್ಕಿರಿದಿದ್ದರು. 2 ಗಂಟೆ 52 ನಿಮಿಷಕ್ಕೆ, ಹೊರಗಿನ ಒತ್ತಡವನ್ನು ಕಡಮೆ ಮಾಡುವುದಕ್ಕಾಗಿ, ಪೊಲೀಸ್ ಅಧಿಕಾರಿಯ ಆಜ್ಞೆಯಂತೆ ಒಂದು ದೊಡ್ಡ ನಿರ್ಗಮನ ದ್ವಾರವನ್ನು ತೆರೆದರು. ಸುಮಾರು ಎರಡು ಸಾವಿರ ಜನರು ಒಳಗೆ ನಡೆದರು. ಎದುರಿಗೇ ಒಂದು ಸುರಂಗದಾರಿ. ಅದು ಇಳಿಜಾರಾಗಿ ನಡುವಣ ಎರಡು ದೊಡ್ಡಿಗಳಿಗೆ ಹೋಗುತ್ತಿತ್ತು. ಆ ದೊಡ್ಡಿಗಳು ಆಗಲೇ ತುಂಬಿ ತುಳುಕುತ್ತಿದ್ದವು. ಎಡಬಲದ ದೊಡ್ಡಿಗಳಲ್ಲಿ ಸ್ಥಳವಿತ್ತು. ಸುರಂಗದ ಬಾಯಿಯನ್ನು ಮುಚ್ಚಿ, 'ಆ ಕಡೆ ಹೋಗಿ' ಎಂದು ಕೈತೋರಿಸುವವರು ಯಾರೂ ಇರಲಿಲ್ಲ. ಹಿಂದಿನಿಂದ ಬಂದವರಿಗೆ ಮುಂದೆ ಏನಾಗುತ್ತಿದೆಯೆಂಬುದು ಕಾಣದು. ಬಿಡುವಿನ ಗಂಟೆ ಬಾರಿಸಿದೊಡನೆ ಒಂದೇ ಬಾಗಿಲಿಗೆ ನುಗ್ಗುವ ಮಕ್ಕಳನ್ನು ಮೂವತ್ತು ವರ್ಷಕಾಲ ನೋಡಿದವನು ನಾನು; ಹಿಂದಿನ ಮಗು ಕೆಟ್ಟ ಮಗುವಾಗಿರುವುದಿಲ್ಲ, ಅದಕ್ಕೆ ಮುಂದಿನ ಮಗುವಿನ ಮುಖ ಕಾಣುವುದಿಲ್ಲ, ಅಷ್ಟೆ. ಒಂದು ಚದರ ಮೀಟರಿನಲ್ಲಿ ಆರೇಳು ಮಂದಿ ಸೇರಿದರೆ ಜನರ ಗುಂಪು ದ್ರವದಂತೆ ವರ್ತಿಸತೊಡಗುತ್ತದೆ. ಅಲೆ ಹೊಡೆದತ್ತ ಹೋಗಬೇಕೇ ಹೊರತು ಒಬ್ಬನ ಇಚ್ಛೆ ನಡೆಯದು. ಎದೆ ಹಿಗ್ಗುವುದಕ್ಕೆ ಎಡೆಯಿಲ್ಲದೆ ನಿಂತಲ್ಲಿಯೇ ಉಸಿರು ಕಟ್ಟುತ್ತದೆ. ಮುಂದೆ ಕಬ್ಬಿಣದ ಬೇಲಿ. ಬೇಲಿಯಾಚೆ ಹಸಿರು ಬಯಲು.

ಪಂದ್ಯ ಮೂರು ಗಂಟೆಗೆ ಆರಂಭವಾಗಿ 3 ಗಂಟೆ 6 ನಿಮಿಷಕ್ಕೆ ನಿಂತಿತು. ಬೇಲಿ ಹತ್ತಿ ಬಂದವರನ್ನು ಮೊದಲು ಪೊಲೀಸರು ದಾಂಧಲೆಗಾರರೆಂದೇ ಭಾವಿಸಿದರು. ಬೆಂಬಲಿಗರು ಮೈದಾನದ ಸುತ್ತಲಿನ ಜಾಹೀರಾತಿನ ಹಲಗೆಗಳನ್ನು ಕಿತ್ತು, ಅವುಗಳನ್ನೇ ಡೋಲಿಗಳನ್ನಾಗಿ ಮಾಡಿಕೊಂಡು ಬಿದ್ದವರನ್ನು ಹೊತ್ತರು. ಸತ್ತವರ ಸಂಖ್ಯೆ ಆ ದಿನಗಳಲ್ಲಿ 95ಕ್ಕೆ ಏರಿತು. ಅರೆಜೀವವಾಗಿ ಮಲಗಿದ್ದ ಒಬ್ಬರು 1993ರಲ್ಲಿ, ಇನ್ನೊಬ್ಬರು ಮೂವತ್ತೆರಡು ವರ್ಷ ನರಳಿ 2021ರಲ್ಲಿ ತೀರಿಕೊಂಡರು. ಒಟ್ಟು 97. ಅವರಲ್ಲಿ ಅತ್ಯಂತ ಕಿರಿಯನಿಗೆ ಹತ್ತು ವರ್ಷ.

ಅಪರಾಧವನ್ನು ಸತ್ತವರ ಮೇಲೆ ಹೊರಿಸುವ ಕೆಲಸ ಅಂದು ಮಧ್ಯಾಹ್ನವೇ ಆರಂಭವಾಯಿತು. ಬೆಂಬಲಿಗರೇ ದ್ವಾರವನ್ನು ಮುರಿದು ನುಗ್ಗಿದರೆಂದು ಅಧಿಕಾರಿ ಹೇಳಿದನು. ಕುಡಿದು ಬಂದಿದ್ದರೆಂದೂ ಸತ್ತವರ ಜೇಬುಗಳನ್ನು ಕತ್ತರಿಸಿದರೆಂದೂ ನಾಲ್ಕು ದಿನಗಳ ಅನಂತರ ಪತ್ರಿಕೆಯೊಂದು ಮುಖಪುಟದಲ್ಲಿ ಬರೆಯಿತು. ವಿಚಾರಣೆಗೆ ನೇಮಕವಾದ ನ್ಯಾಯಮೂರ್ತಿ ಟೇಲರ್ ಅದೇ ವರ್ಷದ ಆಗಸ್ಟಿನಲ್ಲಿಯೇ, ಪೊಲೀಸರ ನಿಯಂತ್ರಣ ತಪ್ಪಿದ್ದೇ ಮುಖ್ಯ ಕಾರಣವೆಂದು ವರದಿ ಕೊಟ್ಟರು. ಆದರೂ 1991ರಲ್ಲಿ ಮರಣವಿಚಾರಣೆಯ ಪಂಚರು 'ಆಕಸ್ಮಿಕ ಸಾವು' ಎಂದರು. ತಾಯ್ತಂದೆಯರು ಸುಮ್ಮನಾಗಲಿಲ್ಲ. ಅವರಲ್ಲಿ ಕಾನೂನು ಬಲ್ಲವರು ಕಡಮೆ, ಹಣವಿದ್ದವರು ಇನ್ನೂ ಕಡಮೆ. ಪತ್ರಗಳನ್ನು ಬರೆದರು, ಕಾಗದಗಳನ್ನು ಕೂಡಿಹಾಕಿದರು, ಪ್ರತಿ ಏಪ್ರಿಲಿನಲ್ಲಿಯೂ ಒಟ್ಟುಗೂಡಿದರು. ಕೆಲವರು ಕಾಯುತ್ತಲೇ ಸತ್ತರು. 2012ರ ಸೆಪ್ಟೆಂಬರಿನಲ್ಲಿ ಸ್ವತಂತ್ರ ಸಮಿತಿಯೊಂದು ಹಳೆಯ ಕಡತಗಳನ್ನು ಬಯಲಿಗಿಟ್ಟಿತು. ಪೊಲೀಸರ 164 ಹೇಳಿಕೆಗಳನ್ನು ತಿದ್ದಲಾಗಿತ್ತು. ಅವುಗಳಲ್ಲಿ 116ರಿಂದ ಪೊಲೀಸರಿಗೆ ಪ್ರತಿಕೂಲವಾದ ಮಾತುಗಳನ್ನು ತೆಗೆದುಹಾಕಲಾಗಿತ್ತು. 2016ರ ಏಪ್ರಿಲ್ 26ರಂದು ಹೊಸ ಪಂಚರು ತೀರ್ಪು ಕೊಟ್ಟರು: ಸತ್ತವರು ಕಾನೂನುಬಾಹಿರವಾಗಿ ಕೊಲ್ಲಲ್ಪಟ್ಟರು, ಬೆಂಬಲಿಗರ ನಡತೆ ಅದಕ್ಕೆ ಕಾರಣವಲ್ಲ. ಆ ಎರಡನೆಯ ವಾಕ್ಯವನ್ನು ಕೇಳುವುದಕ್ಕೆ ಆ ತಾಯಂದಿರು ಇಪ್ಪತ್ತೇಳು ವರ್ಷ ಕಾದಿದ್ದರು.

ಟೇಲರರ ಅಂತಿಮ ವರದಿ 1990ರ ಜನವರಿಯಲ್ಲಿ ಬಂದಿತು. ಬೇಲಿಗಳು ಕೆಳಗಿಳಿದವು. ಮೇಲಿನ ಎರಡು ಶ್ರೇಣಿಗಳ ಕ್ರೀಡಾಂಗಣಗಳಲ್ಲಿ 1994ರ ಆಗಸ್ಟಿನೊಳಗೆ ಎಲ್ಲರಿಗೂ ಆಸನವಿರಬೇಕೆಂದು ನಿಯಮವಾಯಿತು. ಆನ್‌ಫೀಲ್ಡಿನ ಕಾಪ್ ದಿಬ್ಬದ ಮೇಲೆ ಜನರು ಕೊನೆಯದಾಗಿ ನಿಂತದ್ದು 1994ರ ಏಪ್ರಿಲ್ 30ರಂದು. ಒಂದು ಕಾಲದಲ್ಲಿ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಮಂದಿ ನಿಲ್ಲುತ್ತಿದ್ದ ಕಡೆ ಹನ್ನೆರಡು ಸಾವಿರ ಚಿಲ್ಲರೆ ಕುರ್ಚಿಗಳು ಬಂದವು. ಸ್ಥಳ ಅರ್ಧವಾಯಿತು, ಬೆಲೆ ಏರಿತು. ಜೀವ ಉಳಿಸಲೆಂದು ತಂದ ಕುರ್ಚಿ ಬಡವನನ್ನು ಹೊರಗಿಡುವ ಕುರ್ಚಿಯೂ ಆಯಿತೆಂದು ಬೆಂಬಲಿಗರು ದೂರಿದರು. ಬೆಲೆಯೇರಿಕೆ ಟೇಲರರ ಉದ್ದೇಶವಾಗಿರಲಿಲ್ಲ. ಸಂದರ್ಭವನ್ನು ಬಳಸಿಕೊಂಡವರು ಬೇರೆಯವರು. 2016ರ ಫೆಬ್ರವರಿ 6ರಂದು ಲಿವರ್‌ಪೂಲಿನಲ್ಲಿ, ಹೊಸ ಕಟ್ಟಡದ ಅತಿ ದುಬಾರಿ ಟಿಕೆಟ್ಟಿಗೆ 77 ಪೌಂಡು ನಿಗದಿಯಾದುದನ್ನು ಪ್ರತಿಭಟಿಸಿ, ಸುಮಾರು ಹತ್ತು ಸಾವಿರ ಮಂದಿ ಪಂದ್ಯದ ಎಪ್ಪತ್ತೇಳನೆಯ ನಿಮಿಷಕ್ಕೆ ಸರಿಯಾಗಿ ಎದ್ದು ಹೊರನಡೆದರು. ಆಗ ಅವರ ತಂಡ ಎರಡು ಗೋಲುಗಳಿಂದ ಮುಂದಿತ್ತು. ಅವರು ಹೋದ ಮೇಲೆ ಎದುರಾಳಿ ಸಂಡರ್‌ಲೆಂಡ್ ಎರಡು ಗೋಲು ಹೊಡೆದು ಪಂದ್ಯ ಸಮವಾಯಿತು! ನಾಲ್ಕೇ ದಿನಗಳಲ್ಲಿ ಮಾಲೀಕರು ಆ ಬೆಲೆಯನ್ನು ಹಿಂದಕ್ಕೆ ತೆಗೆದುಕೊಂಡರು. ಅದೇ ವರ್ಷ ಬೆಂಬಲಿಗರ ಸಂಘಟನೆಗಳ ಬಹುದಿನದ ಹೋರಾಟದ ಫಲವಾಗಿ, ಪರವೂರಿಗೆ ಹೋದವರಿಂದ 30 ಪೌಂಡಿಗಿಂತ ಹೆಚ್ಚು ಪಡೆಯಕೂಡದೆಂದು ಪ್ರೀಮಿಯರ್ ಲೀಗಿನ ತಂಡಗಳು ಒಪ್ಪಿಕೊಂಡವು.

ಜರ್ಮನಿಯವರು ಬೇರೆ ದಾರಿ ಹಿಡಿದಿದ್ದರು. ಡಾರ್ಟ್‌ಮುಂಡ್ ನಗರದ ಕ್ರೀಡಾಂಗಣದ ದಕ್ಷಿಣ ಭಾಗದಲ್ಲಿ ಸುಮಾರು ಇಪ್ಪತ್ತೈದು ಸಾವಿರ ಮಂದಿ ಹಳದಿ ಬಟ್ಟೆ ತೊಟ್ಟು ನಿಂತೇ ನೋಡುತ್ತಾರೆ. ಜನ ಅದನ್ನು 'ಹಳದಿ ಗೋಡೆ' ಎನ್ನುತ್ತಾರೆ. ಬ್ರಿಟನ್ನಿನಲ್ಲಿಯೂ ಮಡಚುವ ಆಸನವೂ ಎದೆಮಟ್ಟದ ಕಂಬಿಯೂ ಕೂಡಿದ ಹೊಸ ಸಾಲುಗಳು ಬಂದವು. ಪ್ರತಿ ಸಾಲಿಗೂ ಕಂಬಿಯಿರುವುದರಿಂದ ಹಿಂದಿನವರ ಭಾರ ಮುಂದಿನವರ ಮೇಲೆ ಬೀಳದು; ಒಬ್ಬನಿಗೆ ಒಂದೇ ಸ್ಥಳವಾದುದರಿಂದ ಎಣಿಕೆ ತಪ್ಪದು. ಹಿಲ್ಸ್‌ಬರೋದಲ್ಲಿ ಮಕ್ಕಳನ್ನು ಕಳೆದುಕೊಂಡವರಲ್ಲಿ ಕೆಲವರು ಇದನ್ನು ಬಲವಾಗಿ ವಿರೋಧಿಸಿದರು. ಅವರ ಭಯವನ್ನು ತಪ್ಪೆನ್ನಲು ಯಾರಿಗೂ ಅಧಿಕಾರವಿಲ್ಲ. 2022ರ ಜನವರಿ 2ರಂದು ಲಂಡನ್ನಿನಲ್ಲಿ ಚೆಲ್ಸಿ ತಂಡದ ಕ್ರೀಡಾಂಗಣದಲ್ಲಿ ಇಂತಹ ಸಾಲುಗಳಲ್ಲಿ ನಿಲ್ಲುವುದಕ್ಕೆ ಪ್ರೀಮಿಯರ್ ಲೀಗಿನಲ್ಲಿ ಮೊದಲ ಬಾರಿ ಅಧಿಕೃತವಾಗಿ ಅನುಮತಿ ದೊರೆಯಿತು. ಅಂದಿನ ಅತಿಥಿ ತಂಡ ಲಿವರ್‌ಪೂಲ್.

ನಮ್ಮ ನಾಡಿನಲ್ಲಿಯೂ ಪರವೂರಿಗೆ ಪಯಣಿಸುವ ಬೆಂಬಲಿಗರಿದ್ದಾರೆ. 2013ರಲ್ಲಿ ಹುಟ್ಟಿದ ಬೆಂಗಳೂರು ಫುಟ್‌ಬಾಲ್ ತಂಡಕ್ಕೆ ಮೊದಲ ವರ್ಷವೇ ಐ-ಲೀಗ್ ಪ್ರಶಸ್ತಿ ಖಚಿತವಾದದ್ದು ಗೋವೆಯ ಮಡಗಾಂವಿಯ ಫಾತೋರ್ಡಾ ಮೈದಾನದಲ್ಲಿ, 2014ರ ಏಪ್ರಿಲಿನಲ್ಲಿ. 'ವೆಸ್ಟ್ ಬ್ಲಾಕ್ ಬ್ಲೂಸ್' ಎಂದು ತಮ್ಮನ್ನು ಕರೆದುಕೊಳ್ಳುವ ಆ ತಂಡದ ಬೆಂಬಲಿಗರ ಹೆಸರಿನಲ್ಲಿಯೇ ಆಸನವೊಂದಿದೆ. ಬೆಂಗಳೂರಿನ ಹಳೆಯ ಫುಟ್‌ಬಾಲ್ ಮೈದಾನದ ಪಶ್ಚಿಮದ ಕಟ್ಟೆ ಅದು. ಈಗಿನ ಕಂಠೀರವ ಕ್ರೀಡಾಂಗಣದಲ್ಲಿ ನೋಡುವವರಿಗೂ ಆಡುವವರಿಗೂ ನಡುವೆ ಓಟದ ಹಾದಿ ಇರುವುದರಿಂದ ಕೂಗನ್ನು ಅಷ್ಟು ದೂರ ಮುಟ್ಟಿಸಬೇಕಾಗುತ್ತದೆ.

ಕಂಠೀರವದಿಂದ ಸ್ವಲ್ಪವೇ ದೂರದಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣವಿದೆ. ಅದು ಕ್ರಿಕೆಟ್ಟಿನದು. 2025ರ ಜೂನ್ 3ರ ರಾತ್ರಿ ಬೆಂಗಳೂರಿನ ತಂಡ ಪರವೂರಾದ ಅಹಮದಾಬಾದಿನಲ್ಲಿ ಗೆದ್ದಿತು. ಮರುದಿನದ ವಿಜಯೋತ್ಸವಕ್ಕೆ, ಸುಮಾರು ಮೂವತ್ತೈದು ಸಾವಿರ ಜನರು ಹಿಡಿಸುವ ಕ್ರೀಡಾಂಗಣದ ಸುತ್ತ ಲಕ್ಷಗಟ್ಟಲೆ ಜನರು ನೆರೆದರು. ದ್ವಾರಗಳ ಬಳಿ ನೂಕುನುಗ್ಗಲಾಗಿ ಹನ್ನೊಂದು ಮಂದಿ ಸತ್ತರು. ಅವರಲ್ಲಿ ಒಬ್ಬಳು ಶಾಲೆಗೆ ಹೋಗುತ್ತಿದ್ದ ಬಾಲಕಿ. ಸರ್ಕಾರ ನೇಮಿಸಿದ ನ್ಯಾಯಮೂರ್ತಿ ಜಾನ್ ಮೈಕಲ್ ಕುನ್ಹಾ ಅವರ ಆಯೋಗವು ಮರುತಿಂಗಳು ವರದಿಯನ್ನು ಒಪ್ಪಿಸಿತು. ಅಷ್ಟು ದೊಡ್ಡ ಜನಸ್ತೋಮಕ್ಕೆ ಆ ಸ್ಥಳ ತಕ್ಕುದಲ್ಲವೆಂದು ಹೇಳುತ್ತ ಆಯೋಗವು ಬೊಟ್ಟುಮಾಡಿ ತೋರಿಸಿದ ಸಂಗತಿಗಳಲ್ಲಿ ಒಂದು ಇದು: ಕ್ರೀಡಾಂಗಣದ ದ್ವಾರಗಳು ನೇರವಾಗಿ ಕಾಲುದಾರಿಗೆ ತೆರೆದುಕೊಳ್ಳುತ್ತವೆ, ಒಳಗೆ ಹೋಗಲು ಕಾಯುವವರು ಬೀದಿಯಲ್ಲಿಯೇ ನಿಲ್ಲಬೇಕು.